ಲಿಮರಿಕ್: ಐದು ಸಾಲುಗಳ ನಗೆ

ಆಂಗ್ಲ ಸಾಹಿತ್ಯದ ಪರಿಚಯವುಳ್ಳ ವಾಚಕರು 'ಲಿಮರಿಕ್' ಎಂಬ ಪುಟ್ಟ ಪದ್ಯಪ್ರಕಾರವನ್ನು ಬಲ್ಲಿರಿ. ಇದಕ್ಕೆ ಐದೇ ಸಾಲು. ಒಂದು, ಎರಡು ಮತ್ತು ಐದನೆಯ ಸಾಲುಗಳಿಗೆ ಒಂದು ಅಂತ್ಯಪ್ರಾಸ. ನಡುವಣ ಎರಡು ಗಿಡ್ಡ ಸಾಲುಗಳಿಗೆ ಇನ್ನೊಂದು. ನಮ್ಮ ಹಳಗನ್ನಡ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪಾಲಿಸಿದ ಪ್ರಾಸ ಇಲ್ಲಿ ಸಾಲಿನ ತುದಿಗೆ ಸರಿದಿದೆ. ನಮ್ಮ ಮಾತ್ರಾಗಣದ ಛಂದಸ್ಸು ಮಾತ್ರೆಯನ್ನೆಣಿಸಿದರೆ ಇಂಗ್ಲಿಷು ಉಚ್ಚಾರದ ಒತ್ತನ್ನೆಣಿಸುತ್ತದೆ: ಉದ್ದದ ಸಾಲಿಗೆ ಮೂರು, ಗಿಡ್ಡ ಸಾಲಿಗೆ ಎರಡು. ಅರ್ಥ ತಿಳಿಯುವ ಮೊದಲೇ ಆ ಕುಣಿತದ ನಡೆ ಕಿವಿಯನ್ನು ನಗೆಗೆ ಅಣಿಗೊಳಿಸುತ್ತದೆ.

ಹೆಸರು ಐರ್ಲೆಂಡಿನ ಲಿಮರಿಕ್ ಪ್ರಾಂತದ್ದು. 18ನೆಯ ಶತಮಾನದಲ್ಲಿ ಅಲ್ಲಿನ ಮೇಗ್ ನದಿಯ ದಂಡೆಯ ಕವಿಗಳು ಪರಸ್ಪರ ಮೂದಲಿಸಿ ಪದ್ಯ ಕಟ್ಟುತ್ತಿದ್ದರು; ಇವರೇ ಮೂಲಪುರುಷರೆಂದು ಕೆಲವರ ವಾದ. ಆದರೆ ಅವರದು ಐರಿಷ್ ಭಾಷೆ. ಅಲ್ಲಿಂದ ಇಂಗ್ಲೆಂಡಿನ ಮಕ್ಕಳ ಪುಸ್ತಕಕ್ಕೆ ಹಾದಿ ತೋರಿಸುವ ಗಟ್ಟಿ ಆಧಾರವಿಲ್ಲದೆ ಅದನ್ನೊಪ್ಪುವುದು ಉಚಿತವೆನಿಸದು. 1820ರ ಸುಮಾರಿಗೆ ಲಂಡನ್ನಿನಲ್ಲಿ ಈ ಬಗೆಯ ಮಕ್ಕಳ ಪುಸ್ತಕಗಳು ಅಚ್ಚಾಗಿದ್ದವೆಂಬುದು ಮಾತ್ರ ನಿಶ್ಚಿತ.

ಇದಕ್ಕೆ ಕೀರ್ತಿ ತಂದವನು ಎಡ್ವರ್ಡ್ ಲಿಯರ್ (1812–1888). ವೃತ್ತಿಯಿಂದ ಆತ ಚಿತ್ರಗಾರ; ಹದಿನೆಂಟರ ಹರೆಯಕ್ಕೇ ಗಿಳಿಗಳ ಚಿತ್ರಸಂಪುಟಕ್ಕೆ ಕೈಯಿಟ್ಟವನು. ಡರ್ಬಿಯ ಜಮೀನುದಾರ ಪ್ರಭು ತನ್ನ ನೋಸ್ಲಿ ಬಂಗಲೆಯಲ್ಲಿ ಸಾಕಿದ್ದ ಪ್ರಾಣಿಪಕ್ಷಿಗಳನ್ನು ಚಿತ್ರಿಸಲು ಆತನನ್ನು ಕರೆಸಿಕೊಂಡನು. ಅಲ್ಲಿನ ಮಕ್ಕಳನ್ನು ರಂಜಿಸಲು ಬರೆದ ಪದ್ಯಗಳೇ 1846ರಲ್ಲಿ ಗುಪ್ತನಾಮದಡಿ ಪುಸ್ತಕವಾದವು. ಬಾಲ್ಯದಿಂದಲೂ ಅಪಸ್ಮಾರ ಈತನನ್ನು ಕಾಡುತ್ತಿತ್ತು. ಅದನ್ನು ಲೋಕದಿಂದ ಮರೆಮಾಚಿ, ದಿನಚರಿಯಲ್ಲಿ ಶಿಲುಬೆಯ ಗುರುತಿನಿಂದ ಮಾತ್ರ ನಮೂದಿಸುತ್ತಿದ್ದನು. ತನ್ನ ಪದ್ಯಗಳಿಗೆ 'ಲಿಮರಿಕ್' ಎಂಬ ಹೆಸರನ್ನು ಆತ ಬಳಸಲೇ ಇಲ್ಲ. ಆ ಹೆಸರು ರೂಢಿಗೆ ಬಂದದ್ದು 1890ರ ದಶಕದ ಕೊನೆಯಲ್ಲಿ.

ಲಿಯರನ ಪದ್ಯಗಳಲ್ಲಿ ಯಾವುದೋ ಊರಿನ ಒಬ್ಬ ವಿಲಕ್ಷಣ ಮುದುಕನಿರುತ್ತಾನೆ. ಒಬ್ಬನ ಗಡ್ಡದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಇನ್ನೊಬ್ಬನು ಕಾಗೆಯ ಜೊತೆ ನರ್ತಿಸುತ್ತಾನೆ. ಈ ನರ್ತಕನಿಗೆ ಆದುದೇನು ಬಲ್ಲಿರಾ? ಊರವರು ಸೇರಿ ಜಜ್ಜಿಹಾಕುತ್ತಾರೆ! ಹೆಸರಿಲ್ಲದ ಆ 'ಅವರು' ಪದ್ಯದಿಂದ ಪದ್ಯಕ್ಕೆ ಮರಳಿ ಬರುತ್ತಾರೆ. ತಮ್ಮಂತಿಲ್ಲದವನನ್ನು ಸಹಿಸದ ಸಮಾಜವೇ ಇದೆಂದು ಆಲ್ಡಸ್ ಹಕ್ಸ್ಲೆ, ಜಾರ್ಜ್ ಆರ್ವೆಲ್ ಮುಂತಾದವರು ಗಮನಿಸಿದರು. ನಗುವವರು ನಾವಾದರೂ ನಮ್ಮ ಒಲವು ಮುದುಕನ ಕಡೆಗೆ ವಾಲುತ್ತದೆ. ಲಿಯರನ ಕೊನೆಯ ಸಾಲು ಬಹುಮಟ್ಟಿಗೆ ಮೊದಲ ಸಾಲಿನ ಪ್ರಾಸಪದಕ್ಕೇ ಹಿಂದಿರುಗುತ್ತದೆ. ಚಮತ್ಕಾರಪ್ರಿಯರಾದ ಅನಂತರದವರು ಅದನ್ನು ಕೊರತೆಯೆಂದೆಣಿಸಿ, ಅಲ್ಲಿ ಅನಿರೀಕ್ಷಿತ ಪೆಟ್ಟೊಂದನ್ನು ತಂದಿರಿಸಿದರು.

ಮುಂದೆ ಈ ಪ್ರಕಾರ ಪಾನಗೃಹಗಳ ಅಶ್ಲೀಲಕ್ಕೂ ಒದಗಿತು. ಗರ್ಶನ್ ಲೆಗ್ಮನ್ ಎಂಬಾತ 1953ರಲ್ಲಿ ಪ್ಯಾರಿಸಿನಲ್ಲಿ ಅಂಥ ಸುಮಾರು 1700 ಪದ್ಯಗಳನ್ನು ಪ್ರಕಟಿಸಿದನು. ನಿಜವಾದ ಲಿಮರಿಕ್ ಇದೇ ಎಂದೂ ವಾದಿಸಿದನು. ಸಂಗ್ರಹಕಾರನ ಶ್ರಮ ದೊಡ್ಡದು, ನಿರ್ಣಯ ಏಕಪಕ್ಷೀಯ. ನೋಸ್ಲಿಯ ಮಕ್ಕಳು ನಕ್ಕದ್ದು ಸುಳ್ಳೆ?

ಲಿಯರನು ವೈಸರಾಯ್ ನಾರ್ತ್‌ಬ್ರೂಕನ ಆಹ್ವಾನದಂತೆ 1873ರಲ್ಲಿ ಭಾರತಕ್ಕೆ ಬಂದು, 1875ರವರೆಗೆ ಸುತ್ತಾಡಿದನೆಂಬುದು ನಮಗೆ ಕುತೂಹಲದ ಸಂಗತಿ. ಇಲ್ಲಿದ್ದಾಗ ಬರೆದೊಂದು ಹಾಸ್ಯಪದ್ಯದಲ್ಲಿ ಧೋಬಿ, ಪಂಖಾ ಮೊದಲಾದ ನಮ್ಮ ದಿನಬಳಕೆಯ ಮಾತುಗಳನ್ನು ಗಿಡಮರ, ಮೃಗಪಕ್ಷಿಗಳ ಹೆಸರೆಂಬಂತೆ ಬಳಸಿ, ಅರ್ಥ ಬಲ್ಲವರನ್ನು ಮಾತ್ರ ಮುಸಿಮುಸಿ ನಗಿಸಿದನು.