ಕರಿನೀರು

ಬಸವಕಲ್ಯಾಣದ ಬಳಿಯ ಮೋರಖಂಡಿಯಿಂದ ಸಮುದ್ರ ಬಲು ದೂರ. ಆದರೂ ಈ ಸೀಮೆಯ ಉರ್ದು, ಮರಾಠಿ, ಕನ್ನಡ ಮೂರರಲ್ಲೂ ಕಡಲಿನ ಮಾತೊಂದು ಬೇರೂರಿದೆ: ಕಾಲಾಪಾನಿ, ಕಾಳೇ ಪಾಣಿ, ಕರಿನೀರು. ಕಡಲು ದಾಟಿದರೆ ಜಾತಿ ಕೆಡುತ್ತದೆಂಬ ಹಳೆಯ ಭಯದ ಹೆಸರೇ ಇಂಗ್ಲಿಷರ ದ್ವೀಪಾಂತರ ಶಿಕ್ಷೆಗೂ ಬಂತು. ಮೊದಲು ಪೆನಾಂಗ್, ಸಿಂಗಪುರ, ಮಾರಿಷಸ್‌ಗಳೂ ಕರಿನೀರೇ. 1858ರ ಮಾರ್ಚಿನಲ್ಲಿ ಪೋರ್ಟ್ ಬ್ಲೇರ್‌ಗೆ 200 ಕೈದಿಗಳು ಬಂದಿಳಿದ ಮೇಲೆ ಆ ಮಾತು ಅಂಡಮಾನಿಗೇ ಅಂಟಿಕೊಂಡಿತು.

ನಿಜಾಮರ ರಾಜ್ಯದಿಂದಲೂ ಹೋದವರಿದ್ದಾರೆ. ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ಏರಿಹೋದ ಮೌಲ್ವಿ ಅಲಾವುದ್ದೀನ್ ಒಬ್ಬ. ನರಖೇಡದ ಪಟವಾರಿ ರಂಗರಾವ್ ಪಾಗೆ ಇನ್ನೊಬ್ಬ. ಸಿಪಾಯಿ ದಂಗೆಯ ನಾಯಕ ನಾನಾಸಾಹೇಬನ ಪತ್ರ ತಂದು, ಬೀದರಿನ ನೆರೆಯ ಕೌಲಾಸದ ರಾಜನವರೆಗೆ ಬಂಡಾಯದ ಎಳೆ ಹೆಣೆದವನು. ಅವನ ಮರಣದಂಡನೆ ಕರಿನೀರಿಗೆ ಇಳಿಯಿತು, 1860ರಲ್ಲಿ ಅಲ್ಲೇ ತೀರಿಕೊಂಡ.

ಇವರನ್ನು ಪುಸ್ತಕಗಳು ನೆನೆಯುತ್ತವೆ. ಹಡಗು ಹತ್ತಿದವರಲ್ಲಿ ಬಹುಪಾಲು ಮಂದಿ ಮಾತ್ರ ದರೋಡೆ, ಕೊಲೆಯ ಆರೋಪ ಹೊತ್ತವರು. ಅಂಥವನ ಮನೆಯಲ್ಲಿ 'ದೇಶಾಂತರ ಹೋದ' ಎಂದು ಮಾತು ಮುಗಿಸುತ್ತಿದ್ದರು. ಕರಿನೀರು ಎಂದರೆ ಈಗ ಹುತಾತ್ಮರಷ್ಟೇ ಕಣ್ಣಿಗೆ ಬರುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಹೊಲದ ಬದುವಿನ ಜಗಳದಲ್ಲಿ ಕೊಡಲಿ ಎತ್ತಿದವನೂ ಯಾರದೋ ಮುತ್ತಜ್ಜನೇ. ವಂಶಾವಳಿಯಲ್ಲಿ ಅವನ ಜಾಗ ಖಾಲಿ ಬಿಡುವುದು ಅನ್ಯಾಯ.

ಹುಡುಕಿದರೆ ಸಿಕ್ಕಾನು. ಕೈದಿಗಳ ಪಟ್ಟಿಯಲ್ಲಿ ತಂದೆಯ ಹೆಸರು, ಜಾತಿ, ಊರು, ಎತ್ತರ, ಮೈಮೇಲಿನ ಗಾಯದ ಗುರುತು ಬರೆಯುತ್ತಿದ್ದರು. ಕೊರಳಿಗೆ ಮರದ ಬಿಲ್ಲೆ. ಅದರ ಮೇಲೆ ನಂಬರು, ಕಾನೂನಿನ ಕಲಮು, ಶಿಕ್ಷೆಯಾದ ತಾರೀಖು. ಮನೆಯಲ್ಲಿ ಒಂದು ಫೋಟೋ ಕೂಡ ಉಳಿಯದ ಮನುಷ್ಯನ ಮುಖದ ಮಚ್ಚೆ ಸರ್ಕಾರದ ಕಾಗದದಲ್ಲಿ ಉಳಿದಿರಬಹುದು.

ಊರಿನ ಹೆಸರಿನಲ್ಲೇ ತೊಡಕು. ರಾಷ್ಟ್ರಕೂಟರ ಮಯೂರಖಂಡಿಯೇ ಈ ಮೋರಖಂಡಿ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಜನರ ಬಾಯಲ್ಲೇ ಇಷ್ಟು ಸವೆದ ಹೆಸರನ್ನು ಪರವೂರ ಗುಮಾಸ್ತ ಹೇಗೆಲ್ಲ ಬರೆದಿದ್ದಾನೋ! ಆಗಿನ ಕಾಗದಗಳಲ್ಲಿ ಬಸವಕಲ್ಯಾಣವೂ ಇಲ್ಲ, ಇರುವುದು ನವಾಬರ ಕಲ್ಯಾಣಿ. ಹೈದರಾಬಾದಿನ ತಾರ್ನಾಕಾ ಪತ್ರಾಗಾರಕ್ಕೋ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರಕ್ಕೋ ಹೋಗುವವರು ಕಲ್ಯಾಣಿ ಎಂದೇ ಕೇಳಬೇಕು.

ಕಾನೂನಿನ ಪುಸ್ತಕದಿಂದ ದ್ವೀಪಾಂತರ ಶಿಕ್ಷೆ 1956ರ ಜನವರಿ 1ರಂದು ಮರೆಯಾಗಿ ಜೀವಾವಧಿ ಸೆರೆವಾಸ ಬಂತು. ಅಂಡಮಾನಿನಲ್ಲೇ ಮದುವೆಯಾಗಿ ನೆಲೆ ನಿಂತ ಕೈದಿಗಳ ಸಂತಾನ ಮಾತ್ರ ಇವತ್ತಿಗೂ ಅಲ್ಲಿದೆ. 'ಲೋಕಲ್ ಬಾರ್ನ್' ಎಂದು ಕರೆಸಿಕೊಳ್ಳುವ ಅವರ ಮನೆಮಾತು ಹಿಂದೂಸ್ತಾನಿ. ನಮ್ಮವನನ್ನು ಹುಡುಕುವವರು ಅವರನ್ನೂ ವಿಚಾರಿಸಬೇಕು.