ನಾಲ್ಕು ಮೀಟರಿನ ಸಂಸಾರ

ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪ ಕಡೆ ಹೊರಡಿ, ದಾರಿಯುದ್ದಕ್ಕೂ ಗಿಡ್ಡ ಎಸ್‌ಯುವಿಗಳು. ಇವನ್ನು ಗಿಡ್ಡ ಮಾಡಿದ್ದು ಯಾರು ಗೊತ್ತಾ? ದಿಲ್ಲಿಯ ಬಜೆಟ್ಟು! 2006ರಲ್ಲಿ ಚಿದಂಬರಂ ಅವರು ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಎಂಜಿನ್ನಿಗೂ ಮಿತಿ: ಪೆಟ್ರೋಲ್ 1200 ಸಿಸಿ, ಡೀಸೆಲ್ 1500. ಕಂಪನಿಗಳು ಟೇಪು ಹಿಡಿದು ಕೂತವು ನೋಡಿ!

2000ದಲ್ಲಿ ಬಂದ ಬೊಲೆರೋ, ನಮ್ಮ ಗಣಿ ದಿನಗಳ ಕೆಂಪು ಧೂಳು ಕುಡಿದ ಗಟ್ಟಿ ಗಾಡಿ, ಅದೂ 2016ರಲ್ಲಿ ‘ಪವರ್ ಪ್ಲಸ್’ ಆಗಿ 3995 ಮಿಲಿಮೀಟರಿಗೆ ಮೈ ಕುಗ್ಗಿಸಿತು. ಏಳು ಸೀಟು ಬಿಟ್ಟುಕೊಡಲಿಲ್ಲ, ಅದು ದೊಡ್ಡ ಮಾತು.

ಆಮೇಲೆ ಬಂದ ಮ್ಯಾಗ್ನೈಟ್, ಪಂಚ್‌ಗಳಿಗೆ ಸೀಟು ಐದೇ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ. ನಾನು ಕೇಳೋದು ಇಷ್ಟೇ: ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ತಾತ ಬಸ್ಸಲ್ಲಿ ಬರಬೇಕಾ? 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18ಕ್ಕೆ ಇಳೀತು. ಅಳತೆ ಮಾತ್ರ ಅದೇ ನಾಲ್ಕು ಮೀಟರ್.