ಅಲುಗಾಡದ ಕ್ಯಾಮೆರಾ, ಭಾಗ 3: ವೈರ್ ಎಲ್ಲಿಂದ ಬಂತು?

‘ರಾಕಿ’ (1976) ಸಿನಿಮಾದಲ್ಲಿ ಹೀರೊ ಫಿಲಡೆಲ್ಫಿಯಾ ಮ್ಯೂಸಿಯಂನ 72 ಮೆಟ್ಟಿಲು ಓಡ್ಕೊಂಡು ಹತ್ತೋ ಶಾಟ್ ನೋಡಿದೀರಲ್ಲ? ಕ್ಯಾಮೆರಾನೂ ಹಿಂದೇನೇ ಹತ್ತತ್ತೆ, ಆದ್ರೆ ಕುಲುಕಲ್ಲ. ಅದು ಸ್ಟೆಡಿಕ್ಯಾಮ್. ಕಂಡುಹಿಡಿದವರು ಅದೇ ಊರಿನ ಗ್ಯಾರೆಟ್ ಬ್ರೌನ್. ತಮ್ಮ ಡೆಮೊ ರೀಲ್‌ಗೆ ಅವರು ಅದೇ ಮೆಟ್ಟಿಲ ಮೇಲೆ ಗೆಳತಿ ಎಲೆನ್‌ರನ್ನ ಓಡಿಸಿದ್ದರು. ಅದನ್ನು ನೋಡಿಯೇ ‘ರಾಕಿ’ ನಿರ್ದೇಶಕ ಅವಿಲ್ಡ್‌ಸನ್ ಬ್ರೌನ್‌ರನ್ನು ಕರೆಸಿಕೊಂಡದ್ದು. 👟

ಎಲ್ಲರೂ ಸ್ಪ್ರಿಂಗ್ ಇರೋ ತೋಳಿನ ಬಗ್ಗೆ ಮಾತಾಡ್ತಾರೆ. ನನಗೆ ಅದಕ್ಕಿಂತ ಮಜಾ ಅನ್ಸೋದು ಕಂಬದೊಳಗಿನ ವೈರ್.

ಯಾಕೆ ಅಂದ್ರೆ, ವ್ಯೂಫೈಂಡರ್‌ಗೆ ಕಣ್ಣು ಒತ್ತಿದ್ರೆ ನಿಮ್ಮ ತಲೆಯ ಅಲುಗಾಟ ನೇರ ಕ್ಯಾಮೆರಾಗೆ ಹೋಗತ್ತೆ. ಹಾಗಾಗಿ ಬ್ರೌನ್ ಮೊದಲಿನ ಒಂದು ಮಾದರಿಯಲ್ಲಿ ಫೈಬರ್ ಆಪ್ಟಿಕ್ ಎಳೆಗಳ ಕಟ್ಟಿನಿಂದ ಚಿತ್ರವನ್ನು ಕಣ್ಣಿನ ಹತ್ತಿರ ತಂದರು. ಆಮೇಲೆ ಪುಟ್ಟ ಟಿವಿ ಪರದೆ ಬಂತು. ಕ್ಯಾಮೆರಾ ಮೇಲೆ, ಪರದೆ ಮತ್ತು ಬ್ಯಾಟರಿ ಕೆಳಗೆ. ಅವೇ ಎದುರುತೂಕ! ಈಗ ಕರೆಂಟ್ ಮೇಲೆ ಹೋಗಬೇಕು, ಚಿತ್ರ ಕೆಳಗೆ ಬರಬೇಕು. ವೈರ್ ಹೊರಗೆ ಜೋತಾಡಿದ್ರೆ ಬ್ಯಾಲೆನ್ಸ್ ಹೋಯ್ತು. ಅದಕ್ಕೇ ಕಂಬದ ಒಳಗಿಂದ ಹಾಯಿಸಿದ್ದು.

ಬಡವರ ದಾರಿ ಬೇರೆ. ಜಾನಿ ಚುಂಗ್ ಲೀ ಅನ್ನೋ ಎಂಜಿನಿಯರ್ ನಲ್ಲಿ ಪೈಪು, ಒಂದು ತೂಕದ ಬಿಲ್ಲೆ ಹಾಕಿ 14 ಡಾಲರ್‌ಗೆ ಒಂದು ರಿಗ್ ಮಾಡಿ ತೋರಿಸಿದರು. ಅದರಲ್ಲಿ ವೈರೇ ಇಲ್ಲ. ಆರಾಮು. 😄

2013ರಲ್ಲಿ ಮೊವಿ ಬಂತು. ಸ್ಪ್ರಿಂಗ್ ಬದಲು ಮೋಟರ್, ಬೆಲೆ ಸುಮಾರು 15,000 ಡಾಲರ್. ಅಗ್ಗದ ಕಂಟ್ರೋಲರ್ ಬೋರ್ಡ್ ತಂದು ಮನೆಯಲ್ಲೇ ಗಿಂಬಲ್ ಕಟ್ಟೋರೂ ಹುಟ್ಟಿಕೊಂಡ್ರು. ವೈರ್ ತಲೆನೋವು ವಾಪಸ್ ಬಂದದ್ದು ಇಲ್ಲೇ. ಒಂದೊಂದು ಮೋಟರ್‌ಗೆ ಮೂರು ವೈರ್, ಸೆನ್ಸರ್‌ಗೆ ನಾಲ್ಕು. ಮೋಟರ್ ವೈರ್‌ನ ಗದ್ದಲ ಸೆನ್ಸರ್ ವೈರ್‌ಗೆ ನುಗ್ಗಿದ್ರೆ ಬೋರ್ಡ್ ತಲೆಕೆಟ್ಟು ಕ್ಯಾಮೆರಾ ಒಮ್ಮೆಗೇ ಎಗರತ್ತೆ. ಅದರ ಮೇಲೆ ಕೂತಿರೋದು ಗೆಳೆಯನಿಂದ ಕೇಳಿ ತಂದ ಕ್ಯಾಮೆರಾ ಆಗಿದ್ರೆ, ಯೋಚಿಸಿ.

ಕ್ಲಾಸಲ್ಲಿ ಗಿಂಬಲ್ ಕಟ್ಟೋಕೆ ಹೊರಟಿರೋರು ಕೇಳಿ. ಮೋಟರ್‌ನ ಮೂರೂ ವೈರ್ ಜಡೆ ಥರ ಹೊಸೆಯಿರಿ, ಫೆರೈಟ್ ರಿಂಗ್ ಹಾಕಿ. ಸೆನ್ಸರ್ ವೈರ್ ಗಿಡ್ಡ ಇರಲಿ, ಮೋಟರ್ ವೈರ್‌ನಿಂದ ದೂರ ಇರಲಿ. ಎಸ್.ಪಿ. ರೋಡಲ್ಲಿ ವೈರ್ ಕೊಳ್ಳುವಾಗ ಸಣ್ಣ ಎಳೆಗಳಿರೋ ಮೆತ್ತನೆ ಸಿಲಿಕಾನ್ ವೈರ್ ಕೇಳಿ; ಒಂಟಿ ತಂತಿಯ ಗಟ್ಟಿ ವೈರ್ ಬೇಡವೇ ಬೇಡ. ಮನೆ ಟಿವಿಯ ದಪ್ಪ ಎಚ್‌ಡಿಎಂಐ ಕೇಬಲ್ಲೂ ಬೇಡ, ತೆಳ್ಳಗಿರೋದು ತಗೊಳ್ಳಿ, ತಿರುಗೋ ಜಾಗದಲ್ಲಿ ಒಂದು ಸಡಿಲ ಸುತ್ತು ಬಿಡಿ.

ಪರೀಕ್ಷೆ ಸುಲಭ. ಎಲ್ಲಾ ಕೇಬಲ್ ಸಿಕ್ಕಿಸಿ, ಪವರ್ ಆಫ್ ಇಟ್ಟು, ತೂಕ ಸರಿಮಾಡಿ. ಕ್ಯಾಮೆರಾನ ಕೈಯಲ್ಲಿ ಓರೆ ಮಾಡಿ ನಿಧಾನಕ್ಕೆ ಬಿಡಿ. ಅಲ್ಲೇ ನಿಂತ್ರೆ ಸರಿ. ಸ್ಪ್ರಿಂಗ್ ಥರ ಹಿಂದಕ್ಕೆ ಬಂದ್ರೆ ಯಾವುದೋ ವೈರ್ ಎಳೀತಿದೆ. ಒಂದೊಂದೇ ಬಿಚ್ಚಿ ನೋಡಿ, ಕಳ್ಳ ಸಿಕ್ತಾನೆ.

ಭಾಗ 4: ಬ್ಯಾಟರಿ. 🔋

#ಅಲುಗಾಡದಕ್ಯಾಮೆರಾ #ಸ್ಟೆಡಿಕ್ಯಾಮ್ #ಕನ್ನಡದಲ್ಲಿಟೆಕ್